ಟೈರಿಗೂ ಬಿ.ಪಿ. ಉಂಟು ಡಾಕ್ಟ್ರೇ!



ಕೆಲವು ವರ್ಷಗಳಿಂದ ನಮ್ಮ ಹಬ್ಬದ ಸಂಚಿಕೆಯ ಇದೇ ಪುಟಗಳಲ್ಲಿ ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಬೆನ್ನುನೋವು ಎಂದೆಲ್ಲ ಬರೆದು ನಿಮ್ಮ ಹೋಳಿಗೆಯ ರುಚಿ ಕೆಡಿಸುತ್ತಾ ಬಂದಿದ್ದೇನೆ. "ಹಬ್ಬದ ಸಂಚಿಕೆಯಲ್ಲಾದರೂ ಬೇರೆ ಏನಾದರೂ ಬರೀರಿ ಡಾಕ್ಟ್ರೇ" ಎಂದು ಸಂಘದ ಹಿರಿಯರೊಬ್ಬರು ಕೈ ಮುಗಿದು ಕೇಳಿಕೊಂಡರು. ಅವರ ಮಾತಿಗೆ ಬೆಲೆ ಕೊಟ್ಟು ಈ ಸಲ ಟೈರಿನ ಬಗ್ಗೆ ಬರೆಯುತ್ತಿದ್ದೇನೆ. ಹೌದು, ಗಾಡಿಯ ಟೈರು!

ಎಂ.ಡಿ. ಓದಿದವನಿಗೆ ಟೈರಿನ ಉಸಾಬರಿ ಏಕೆ ಎಂದು ನಗಬೇಡಿ. ಗಾಳಿ ತುಂಬಿದ ಟೈರನ್ನು 1888ರಲ್ಲಿ ಜನಬಳಕೆಗೆ ತಂದ ಜಾನ್ ಬಾಯ್ಡ್ ಡನ್‌ಲಪ್ ಕೂಡ ಒಬ್ಬ ವೈದ್ಯನೇ, ಬೆಲ್‌ಫಾಸ್ಟ್ ಊರಿನ ದನ ಕುದುರೆಗಳ ಡಾಕ್ಟರು. ಮಗನ ಮೂರು ಚಕ್ರದ ಸೈಕಲ್ಲು ಕಲ್ಲು ರಸ್ತೆಯಲ್ಲಿ ಕುಲುಕಾಡುವುದನ್ನು ನೋಡಲಾರದೆ ರಬ್ಬರಿನ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದ. ಅವನಿಗಿಂತ ನಾಲ್ಕು ದಶಕ ಮೊದಲೇ ಥಾಮ್ಸನ್ ಎಂಬುವವನು ಇದರ ಪೇಟೆಂಟ್ ಪಡೆದಿದ್ದರೂ ಹೆಸರು ಉಳಿದದ್ದು ಡನ್‌ಲಪ್‌ನದೇ. ಹಾಗಾಗಿ ಟೈರಿನ ಮೇಲೆ ವೈದ್ಯರಿಗೂ ಸ್ವಲ್ಪ ಹಕ್ಕಿದೆ ಎಂದುಕೊಳ್ಳಿ.

ಇನ್ನು ವಿಷಯಕ್ಕೆ ಬರೋಣ. ನನ್ನ ಮಿತ್ರರೊಬ್ಬರು ಸುಳ್ಯದ ಕಡೆಯವರು. ಊರಿನಲ್ಲಿ ರಬ್ಬರ್ ತೋಟ, ಇಲ್ಲಿ ದೋಹಾದಲ್ಲಿ ದಿನಸಿ ಸಾಮಾನು ಸರಬರಾಜು ಮಾಡುವ ಸಣ್ಣ ವ್ಯಾಪಾರ. ಇಂಡಸ್ಟ್ರಿಯಲ್ ಏರಿಯಾದ ಗೋದಾಮಿನಿಂದ ಅಲ್ ಖೋರ್ ಕಡೆಯ ಕಾರ್ಮಿಕರ ವಸತಿಗಳಿಗೆ ಅಕ್ಕಿ, ಬೇಳೆ, ಎಣ್ಣೆ, ನೀರಿನ ಬಾಟಲಿ ಒಯ್ಯಲು ಒಂದು ಪಿಕಪ್. ಅದನ್ನು ಓಡಿಸಲು ಕುಂದಾಪುರದ ಕಡೆಯ ಒಬ್ಬ ಹುಡುಗ. ಆ ಪಿಕಪ್ಪಿನ ಟೈರು ಒಂದೇ ಬೇಸಿಗೆಯಲ್ಲಿ ಮೂರು ಸಲ ಸಿಡಿಯಿತು. ಮೊದಲೆರಡು ಸಲ ಗಾಡಿ ಹೇಗೋ ರಸ್ತೆಯ ಅಂಚಿಗೆ ಬಂದು ನಿಂತಿತು. ಮೂರನೆಯ ಸಲ ಆಗಸ್ಟಿನ ಒಂದು ಮಧ್ಯಾಹ್ನ, ಹಿಂದಿನ ಎಡ ಚಕ್ರ ಸಿಡಿದಾಗ ಹುಡುಗ ಗಾಬರಿಯಾಗಿ ಗಟ್ಟಿಯಾಗಿ ಬ್ರೇಕ್ ಒತ್ತಿದ. ಗಾಡಿ ತಿರುಗಿ ಮಗ್ಗುಲಾಗಿ ಬಿತ್ತು. ಸೀಟ್ ಬೆಲ್ಟ್ ಹಾಕಿದ್ದರಿಂದ ಜೀವ ಉಳಿಯಿತು, ಬಲಗೈ ಮಣಿಕಟ್ಟಿನ ಮೂಳೆ ಮುರಿಯಿತು.

ಮೂಳೆ ನನ್ನ ವಿಭಾಗವಲ್ಲ. ಆದರೂ "ರಿಪೋರ್ಟು ಒಮ್ಮೆ ನೋಡಿ" ಎಂದು ಮಿತ್ರರು ಹುಡುಗನನ್ನು ಕರೆದುಕೊಂಡು ಮನೆಗೇ ಬಂದರು. ಹುಡುಗ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ತಲೆ ತಗ್ಗಿಸಿ ಕೂತಿದ್ದ. ತಪ್ಪು ತನ್ನದೇ ಎಂಬಂತೆ. ಊರಿನಲ್ಲಿ ತಾಯಿಗೆ ಇನ್ನೂ ಹೇಳಿರಲಿಲ್ಲವಂತೆ.

"ಎಂತ ಮಾಡುದು ಡಾಕ್ಟ್ರೇ, ಇದು ದೃಷ್ಟಿಯೇ. ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ಆಯ್ತು, ಊರಿನ ದೈವಕ್ಕೆ ಹರಕೆ ಹೇಳಿ ಆಯ್ತು. ಈಗ ಇನ್ನೂ ದಪ್ಪದ, ಇನ್ನೂ ಗಟ್ಟಿಯ ಟೈರು ಯಾವುದು ಉಂಟು ಅಂತ ಹುಡುಕ್ತಾ ಇದ್ದೇನೆ" ಎಂದರು ಮಿತ್ರರು.

ನನಗೆ ನೆನಪಾದದ್ದು ನಮ್ಮ ಪ್ರೊಫೆಸರ್ ಒಬ್ಬರ ಪಾಠ. ಪದೇ ಪದೇ ಜ್ವರ ಬರುವ ರೋಗಿಗೆ ಪ್ರತಿ ಸಲವೂ ಇನ್ನೂ ದೊಡ್ಡ ಆಂಟಿಬಯಾಟಿಕ್ ಕೊಡುವವನು ವೈದ್ಯನಲ್ಲ, ಜ್ವರ ಏಕೆ ಬಂತು ಎಂದು ಕೇಳುವವನು ವೈದ್ಯ. ಸರಿ, ಟೈರಿನದೂ ಕೇಸ್ ಹಿಸ್ಟರಿ ತೆಗೆದುಕೊಳ್ಳೋಣ ಎಂದು ಕಾಗದ ಪೆನ್ನು ಹಿಡಿದು ಕುಳಿತೆ.

ಮೂರೂ ಸಿಡಿದದ್ದು ಯಾವ ಚಕ್ರ? ಹಿಂದಿನದ್ದೇ. ಎಷ್ಟು ಹೊತ್ತಿಗೆ? ಹನ್ನೊಂದರಿಂದ ಮೂರು ಗಂಟೆಯ ಒಳಗೆ. ಹೋಗುವಾಗಲೋ ಬರುವಾಗಲೋ? ಮೂರೂ ಸಲ ಹೋಗುವಾಗ, ಅಂದರೆ ಲೋಡು ತುಂಬಿದಾಗ. ದೃಷ್ಟಿ ತಾಗಿದ್ದೇ ಆದರೆ ಅದು ಖಾಲಿ ಗಾಡಿಗೂ ತಾಗಬೇಕಿತ್ತಲ್ಲ? ಮಿತ್ರರು ಒಂದು ಕ್ಷಣ ಮಾತಾಡಲಿಲ್ಲ. ಸಿಡಿದ ಟೈರುಗಳ ಪೈಕಿ ಎರಡು ಗೋದಾಮಿನ ಹಿಂದೆ ಬಿದ್ದಿದ್ದವು. ಮೊದಲನೆಯದರ ಫೋಟೋ ವಿಮೆಯವರಿಗೆಂದು ತೆಗೆದದ್ದು ಮೊಬೈಲಿನಲ್ಲಿತ್ತು. ಮರುದಿನ ಶುಕ್ರವಾರ. ನಾವಿಬ್ಬರೂ ಪೋಸ್ಟ್ ಮಾರ್ಟಮ್ ಮಾಡಲು ಹೊರಟೆವು.

ಮೊದಲನೆಯ ಟೈರು ಸೆಕೆಂಡ್ ಹ್ಯಾಂಡ್. ಹಲ್ಲು (ನೆಲಕ್ಕೆ ತಾಗುವ ಪಟ್ಟಿಗಳು) ಚೆನ್ನಾಗಿದ್ದವು, ಬೆಲೆ ಕಡಿಮೆ. ಆದರೆ ಟೈರಿನ ಪಕ್ಕೆಯ ಮೇಲೆ 'ಡಿ.ಓ.ಟಿ.' ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. 3524 ಎಂದಿದ್ದರೆ 2024ನೇ ಇಸವಿಯ 35ನೇ ವಾರ. ಫೋಟೋ ದೊಡ್ಡದು ಮಾಡಿ ನೋಡಿದರೆ ಅವರ ಟೈರಿಗೆ ಏಳು ವರ್ಷ ತುಂಬಿತ್ತು! ಔಷಧಿಯ ಡಬ್ಬಿಯಲ್ಲಿ ಎಕ್ಸ್‌ಪೈರಿ ಡೇಟ್ ನೋಡದೆ ಮಾತ್ರೆ ನುಂಗದ ನಾವು ಟೈರಿನಲ್ಲಿ ಮಾತ್ರ ಹಲ್ಲು ನೋಡಿ ಮರುಳಾಗುತ್ತೇವೆ. ರಬ್ಬರು ಓಡದೆ ನಿಂತರೂ ಮುದಿಯಾಗುತ್ತದೆ, ಬಿಸಿಲಿನ ನಾಡಿನಲ್ಲಿ ಬೇಗ ಮುದಿಯಾಗುತ್ತದೆ. ಐದು ವರ್ಷವಾದ ಮೇಲೆ ಪ್ರತಿ ವರ್ಷ ತಜ್ಞರಿಗೆ ತೋರಿಸಿ, ಹತ್ತು ವರ್ಷಕ್ಕೆ ಹೇಗಿದ್ದರೂ ಬಿಸಾಡಿ ಎನ್ನುವ ಟೈರು ಕಂಪನಿಗಳಿವೆ. ಆರೇ ವರ್ಷ ಸಾಕು ಎನ್ನುವ ಕಾರು ಕಂಪನಿಗಳೂ ಇವೆ. ನಮ್ಮ ಕತಾರಿನ ಬಿಸಿಲಿಗೆ ನಾನು ಎರಡನೆಯವರ ಪಕ್ಷ.

ಎರಡನೆಯ ಟೈರು ಹೊಚ್ಚ ಹೊಸದು. ಅಳತೆ ಸರಿಯಾಗಿಯೇ ಇತ್ತು. ಆದರೆ ಅದು ಕಾರಿನ ಜಾತಿಯ ಟೈರು, ಪಿಕಪ್ಪಿನದ್ದಲ್ಲ. ಅಳತೆಯ ಪಕ್ಕದಲ್ಲೇ ಒಂದು ಅಂಕಿ ಇರುತ್ತದೆ. ಅದು ಲೋಡ್ ಇಂಡೆಕ್ಸ್, ಆ ಟೈರು ಎಷ್ಟು ಭಾರ ಹೊರಬಲ್ಲದು ಎಂಬುದರ ಗುಟ್ಟು. 100 ಎಂದಿದ್ದರೆ 800 ಕಿಲೋ, 106 ಎಂದಿದ್ದರೆ 950 ಕಿಲೋ, 112 ಎಂದಿದ್ದರೆ 1120 ಕಿಲೋ. ಅವರು ಹಾಕಿಸಿದ್ದು 100ರದ್ದು. ಗಾಡಿಯ ಹಿಂಭಾಗದ ಸ್ವಂತ ತೂಕ, ಅದರ ಮೇಲೆ ಒಂದು ಟನ್ ಸಾಮಾನು ಸೇರಿಸಿ ಎರಡು ಚಕ್ರಕ್ಕೆ ಹಂಚಿದರೆ ಒಂದೊಂದಕ್ಕೆ 800 ಕಿಲೋ ಮೀರುತ್ತಿತ್ತು. ಇನ್ನು ಇವರು ತುಂಬಿಸುತ್ತಿದ್ದುದು ಒಂದು ಟನ್ ಅಲ್ಲ. "ಎಷ್ಟು?" ಎಂದೆ. ಮಿತ್ರರು ಆಕಾಶ ನೋಡಿದರು. ಹುಡುಗ ಮೆಲ್ಲಗೆ ಹೇಳಿದ, "ಒಂದೂವರೆ ಆಗ್ತದೆ ಸರ್."

ಮೂರನೆಯದು ನಿಜಕ್ಕೂ ಒಳ್ಳೆಯ ಟೈರು. ಹೆಸರಾಂತ ಕಂಪನಿ, 8 ಪ್ಲೈ, ಲೋಡ್ ಇಂಡೆಕ್ಸ್ 112, ಹೊಸ ತಯಾರಿಕೆ. ಮತ್ತೇಕೆ ಸಿಡಿಯಿತು? ಟೈರಿನ ಒಳಮೈ ನೋಡಿದರೆ ಪಕ್ಕೆಯ ಸುತ್ತ ರಬ್ಬರು ಸುಟ್ಟು ಪುಡಿಯಾಗಿತ್ತು. ಗಾಳಿ ಕಡಿಮೆಯಿದ್ದು ಓಡಿದ ಟೈರಿನ ಲಕ್ಷಣ ಅದು. "ಗಾಳಿ ಎಷ್ಟು ಹಾಕಿಸ್ತೀಯಪ್ಪಾ?" ಎಂದು ಹುಡುಗನನ್ನು ಕೇಳಿದೆ. "ಪಂಕ್ಚರ್ ಅಂಗಡಿಯವರು ಎಲ್ಲಾ ಗಾಡಿಗೂ 35 ಹಾಕ್ತಾರೆ ಸರ್" ಎಂದ. ಡ್ರೈವರ್ ಬಾಗಿಲಿನ ಕಂಬಕ್ಕೆ ಅಂಟಿಸಿದ್ದ ಫಲಕದ ಮೇಲಿನ ಧೂಳು ಒರೆಸಿ ನೋಡಿದೆವು. ತುಂಬಿದ ಲೋಡಿಗೆ ಹಿಂದಿನ ಚಕ್ರಕ್ಕೆ 50ಕ್ಕೂ ಹೆಚ್ಚು ಬೇಕೆಂದು ಅಲ್ಲಿ ಬರೆದಿತ್ತು. ಎಷ್ಟು ವರ್ಷದಿಂದ ಅಲ್ಲೇ ಇತ್ತೋ, ಯಾರೂ ಓದಿರಲಿಲ್ಲ.

ಇಲ್ಲೇ ಇರುವುದು ರೋಗದ ಮೂಲ. ಭಾರ ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. 112 ಎಂಬ ಶಕ್ತಿ ಪೂರ್ಣ ಗಾಳಿ ಇದ್ದಾಗ ಮಾತ್ರ. ಗಾಳಿ ಕಡಿಮೆಯಾದರೆ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿಕೊಳ್ಳುತ್ತದೆ. ತಂತಿಯನ್ನು ಬಗ್ಗಿಸಿ ಬಗ್ಗಿಸಿ ಮುರಿಯುವಾಗ ಬಿಸಿಯಾಗುವುದಿಲ್ಲವೇ, ಹಾಗೆ ಅದೂ ಒಳಗಿಂದ ಕಾಯುತ್ತದೆ. ಕಾದ ರಬ್ಬರು ಒಳಗಿನ ದಾರ, ಉಕ್ಕಿನ ತಂತಿಗಳಿಂದ ಬಿಟ್ಟುಕೊಳ್ಳುತ್ತದೆ, ಕೊನೆಗೆ ಸಿಡಿಯುತ್ತದೆ. ಮೇಲಿಂದ ನಮ್ಮ ಬೇಸಿಗೆ ಬೇರೆ. 2010ರ ಜುಲೈಯಲ್ಲಿ ದೋಹಾದಲ್ಲಿ 50.4 ಡಿಗ್ರಿ ದಾಖಲಾಗಿತ್ತು. ಅಂಥ ದಿನಗಳಲ್ಲಿ ಡಾಂಬರಿನ ಮೈ 60 ಡಿಗ್ರಿಯನ್ನೂ ದಾಟುತ್ತದೆ. ಇಲ್ಲಿನ ಸರಕಾರ 2007ರಿಂದ ಬೇಸಿಗೆಯ ಮಧ್ಯಾಹ್ನ ಬಯಲಿನ ಕೆಲಸ ನಿಷೇಧಿಸಿದೆ. 2021ರಿಂದ ಅದು ಜೂನ್ 1ರಿಂದ ಸೆಪ್ಟೆಂಬರ್ 15ರ ವರೆಗೆ, ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ. ಮನುಷ್ಯನಿಗೆ ಸಿಕ್ಕ ಆ ವಿಶ್ರಾಂತಿ ಟೈರಿಗೆ ಸಿಕ್ಕಿಲ್ಲ.

ಇಂಥ ರೋಗ ದೊಡ್ಡ ದೊಡ್ಡವರಿಗೂ ಬಂದದ್ದಿದೆ. 2000ನೇ ಇಸವಿಯ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಕಂಪನಿ ಅಮೆರಿಕದಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ವಾಪಸು ಕರೆಸಿಕೊಂಡಿತು. ಹೆಚ್ಚಾಗಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಆ ಟೈರುಗಳು ಹೊರಪದರ ಕಿತ್ತುಕೊಂಡು, ಗಾಡಿ ಉರುಳಿ, ಆ ದೇಶದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಅದರ ಸೂಚನೆ ಮೊದಲೇ ಸಿಕ್ಕಿದ್ದು ಬಿಸಿಲಿನ ದೇಶಗಳಲ್ಲಿ. ಸೌದಿ ಅರೇಬಿಯಾ ಮತ್ತು ಕೊಲ್ಲಿಯ ಕೆಲವು ದೇಶಗಳಲ್ಲಿ 1999ರಲ್ಲೇ ಫೋರ್ಡ್ ಆ ಟೈರುಗಳನ್ನು ಬದಲಿಸಿಕೊಟ್ಟಿತ್ತು. ಟೈರಿನ ತಯಾರಿಕೆಯ ದೋಷದ ಜೊತೆಗೆ ಆಗ ಚರ್ಚೆಯಾದದ್ದು ಗಾಳಿ. ಫೋರ್ಡ್ ಹೇಳಿದ್ದು 26, ಟೈರಿನವರು 30 ಬೇಕೆಂದರು. ಟೈರಿನಲ್ಲಿ ಗಾಳಿ ಇಳಿದರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತದಲ್ಲ, ಅಮೆರಿಕದಲ್ಲಿ ಅದು ಕಡ್ಡಾಯವಾದದ್ದು ಈ ದುರಂತದ ನಂತರ ಬಂದ ಕಾನೂನಿನಿಂದ.

ಮಿತ್ರರನ್ನು ಇಷ್ಟು ಬೈದ ನಾನು ಎಲ್ಲಾ ಬಲ್ಲವನೇನಲ್ಲ. ಹತ್ತಾರು ವರ್ಷಗಳ ಹಿಂದೆ ಹೆಂಡತಿ, ಇಬ್ಬರು ಮಕ್ಕಳೊಂದಿಗೆ ಸೀಲೈನ್ ಮರಳಿಗೆ ಹೋಗಿದ್ದೆ. ಮರಳಿನಲ್ಲಿ ಹುಗಿಯದಿರಲೆಂದು ಎಲ್ಲರೂ ಮಾಡುವಂತೆ ಗಾಳಿಯನ್ನು 15-16ಕ್ಕೆ ಇಳಿಸಿದೆ. ವಾಪಸು ಬರುವಾಗ ಗಾಳಿ ತುಂಬುವಲ್ಲಿ ಉದ್ದನೆಯ ಸಾಲು. ಮಕ್ಕಳು ನಿದ್ದೆಗೆ ಬಿದ್ದಿದ್ದರು. "ನಾಳೆ ತುಂಬಿಸಿದರಾಯಿತು" ಎಂದು ದೋಹಾದ ತನಕ ಹಾಗೇ ಓಡಿಸಿಬಿಟ್ಟೆ. ಮರುದಿನ ತುಂಬಿಸಿದೆನೆನ್ನಿ. ಎರಡು ವಾರದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ದುಖಾನ್ ಕಡೆ ಹೋಗುವಾಗ ಟೈರು ಸಿಡಿಯಿತು. ಪುಣ್ಯಕ್ಕೆ ಹಿಂದೆ ಮುಂದೆ ಗಾಡಿಯಿರಲಿಲ್ಲ. ಒಂದು ದಿನ ಗಾಳಿಯಿಲ್ಲದೆ ಓಡಿದ ಟೈರಿನ ಒಳಗಾಯ ಆಮೇಲೆ ಗಾಳಿ ತುಂಬಿದರೆ ವಾಸಿಯಾಗುವುದಿಲ್ಲ ಎಂಬುದು ನನಗೆ ಅಂದು ತಿಳಿಯಿತು. ಹಿಂದಿನ ಸೀಟಿನಿಂದ ಮಗಳು "ಅಪ್ಪಾ, ಏನಾಯ್ತು?" ಎಂದ ದನಿ ಇಂದಿಗೂ ಕಿವಿಯಲ್ಲಿದೆ.

ಸಕಲೇಶಪುರದ ಲಾರಿ ಸ್ಟ್ಯಾಂಡಿನಲ್ಲಿ ಶಿರಾಡಿ ಘಾಟಿ ಇಳಿಯುವ ಮುಂಚೆ ಕ್ಲೀನರ್ ಹುಡುಗರು ಕಬ್ಬಿಣದ ರಾಡಿನಿಂದ ಒಂದೊಂದೇ ಟೈರಿಗೆ ಬಡಿದು ಸದ್ದು ಕೇಳುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಮುಂದೆ ಮೆಡಿಕಲ್ ಕಾಲೇಜಿನಲ್ಲಿ ರೋಗಿಯ ಎದೆಯ ಮೇಲೆ ಬೆರಳಿಟ್ಟು ತಟ್ಟಿ ಸದ್ದು ಕೇಳಲು ಕಲಿಸಿದಾಗ ಆ ಹುಡುಗರೇ ನೆನಪಾಗಿದ್ದರು. ಆದರೆ ತಟ್ಟಿದರೆ ಟೈರು ಚಪ್ಪಟೆಯೋ ಅಲ್ಲವೋ ಎಂಬುದಷ್ಟೇ ತಿಳಿಯುತ್ತದೆ, 35 ಇದೆಯೋ 50 ಇದೆಯೋ ತಿಳಿಯುವುದಿಲ್ಲ. ಬಿ.ಪಿ. ನೋಡಲು ಯಂತ್ರ ಬೇಕಾದ ಹಾಗೆ ಟೈರಿಗೂ ಗೇಜು ಬೇಕು. ಅದರಲ್ಲಿ ಕಾಣುವ ಅಂಕಿಗೆ ಪಿ.ಎಸ್.ಐ. ಎನ್ನುತ್ತಾರೆ. ನಮ್ಮೂರಿನ ಸಬ್ ಇನ್ಸ್‌ಪೆಕ್ಟರ್ ಅಲ್ಲ, ಆದರೂ ಅಷ್ಟೇ ಭಯಭಕ್ತಿಯಿಂದ ನೋಡಬೇಕಾದದ್ದು!

ನೋಡುವುದಕ್ಕೂ ಹೊತ್ತಿದೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದವನ ಬಿ.ಪಿ. ನೋಡಿ ಮಾತ್ರೆ ಬರೆಯುವುದಿಲ್ಲವಲ್ಲ, ಹಾಗೆ ಓಡಿ ಬಂದ ಟೈರಿನ ಗಾಳಿಯನ್ನೂ ನೋಡಬಾರದು. ಬೆಳಿಗ್ಗೆ ತಣ್ಣಗಿದ್ದಾಗ 35 ಇದ್ದದ್ದು ಓಡಿ ಕಾದಾಗ 41ರ ಆಸುಪಾಸಿಗೆ ಏರುತ್ತದೆ. ಅದು ಸಹಜ. "ಬೇಸಿಗೆಯಲ್ಲಿ ಗಾಳಿ ಹಿಗ್ಗುತ್ತದೆ, ಸ್ವಲ್ಪ ತೆಗೆಯಬೇಕು" ಎಂದು ಕೆಲವರು ಆಗ ಗಾಳಿ ಬಿಡುತ್ತಾರೆ. ಮರುದಿನ ಬೆಳಿಗ್ಗೆ ಅದು 30ಕ್ಕಿಂತ ಕೆಳಗಿಳಿದಿರುತ್ತದೆ. ಸಿಡಿಯುವುದನ್ನು ತಪ್ಪಿಸಲು ಹೋಗಿ ಸಿಡಿಯುವುದಕ್ಕೇ ದಾರಿ ಮಾಡಿದ ಹಾಗಾಯಿತು.

ಇಷ್ಟಾದ ಮೇಲೆ ಮಿತ್ರರಿಗೆ ಬರೆದುಕೊಟ್ಟ ಚೀಟಿ ಹೀಗಿತ್ತು:

1. ಸೆಕೆಂಡ್ ಹ್ಯಾಂಡ್ ಟೈರು ಬೇಡವೇ ಬೇಡ. ಹೊಸದನ್ನೂ ತಯಾರಿಕೆಯ ವಾರ, ವರ್ಷ ನೋಡಿಯೇ ಕೊಳ್ಳಿ. ಅಂಗಡಿಯಲ್ಲಿ ಮುಂಚೆಯೇ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಗಾಡಿಗೆ ಹಾಕಿಸಿದ ಮೇಲೆ ಕೇಳಿದರೆ ಮಾಡಿಕೊಳ್ಳುತ್ತಾರೆ.

2. ಪಿಕಪ್, ವ್ಯಾನುಗಳಿಗೆ ಅಳತೆಯ ಜೊತೆ 'ಸಿ' ಅಥವಾ 'ಎಲ್.ಟಿ.' ಎಂದು ಬರೆದ, ಅಂದರೆ ಹೊರೆ ಹೊರಲೆಂದೇ ಮಾಡಿದ ಟೈರು ಇರಲಿ. ಲೋಡ್ ಇಂಡೆಕ್ಸ್ ಗಾಡಿಯ ಕಂಪನಿ ಹೇಳಿದ್ದಕ್ಕಿಂತ ಒಂದಂಕಿಯೂ ಕಡಿಮೆ ಬೇಡ. 8 ಪ್ಲೈ ಎಂದರೆ ಈಗ ಎಂಟು ಪದರ ಎಂದಲ್ಲ, ಅದು ಶಕ್ತಿಯ ಒಂದು ಅಳತೆ ಅಷ್ಟೆ.

3. ದಪ್ಪ ಗುಬುಟು ಹಲ್ಲಿನ ಟೈರು ನೋಡಲು ಗಂಡು, ಮರಳು ಕಲ್ಲಿಗೆ ಒಳ್ಳೆಯದು. ದಿನವಿಡೀ ಹೆದ್ದಾರಿಯಲ್ಲೇ ಓಡುವ ಗಾಡಿಗೆ ಅದು ಹೆಚ್ಚು ಬಿಸಿಯಾಗುತ್ತದೆ. 'ಎಚ್.ಟಿ.' ಎಂಬ ಹೆದ್ದಾರಿಯ ಟೈರೇ ಸರಿ.

4. ಹೆಚ್ಚು ಗಾಳಿ ತುಂಬುವ ಟೈರಿಗೆ ಅದಕ್ಕೆ ತಕ್ಕ ವಾಲ್ವನ್ನೂ ಹಾಕಿಸಿ. ಎರಡೇ ಕೊಳ್ಳುವುದಾದರೆ ಒಂದೇ ಜಾತಿಯ ಜೋಡಿ ಕೊಂಡು ಹಿಂದಕ್ಕೆ ಹಾಕಿಸಿ. ಸ್ಟೆಪ್ನಿಯ ವಯಸ್ಸನ್ನೂ ಮರೆಯಬೇಡಿ.

5. ನೈಟ್ರೋಜನ್ ತುಂಬಿಸಿದರೆ ಮಾಯವಾಗುವ ರೋಗ ಇದಲ್ಲ. ಮಾಮೂಲಿ ಗಾಳಿಯಲ್ಲೇ ಅದು 78 ಪಾಲಿದೆ. ತುಂಬಿಸಿದರೂ ಗೇಜು ಹಿಡಿದು ನೋಡುವುದು ತಪ್ಪುವುದಿಲ್ಲ.

6. ಟೈರು ಸಿಡಿದರೆ ಬ್ರೇಕ್ ಮೇಲೆ ಕಾಲಿಡಬೇಡಿ. ಸ್ಟೇರಿಂಗನ್ನು ಎರಡೂ ಕೈಯಿಂದ ನೇರ ಹಿಡಿದು, ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟು, ಗಾಡಿ ತಾನಾಗಿ ನಿಧಾನವಾದ ಮೇಲೆ ಅಂಚಿಗೆ ತನ್ನಿ.

7. ಇಸ್ತಿಮಾರಾದಲ್ಲಿ ಬರೆದ ಭಾರಕ್ಕಿಂತ ಒಂದು ಮೂಟೆಯೂ ಹೆಚ್ಚು ಬೇಡ.

ಆರರ ವರೆಗೆ ತಲೆ ಅಲ್ಲಾಡಿಸಿದ ಮಿತ್ರರು ಏಳನೆಯದಕ್ಕೆ ನಿಂತರು. "ಡಾಕ್ಟ್ರೇ, ಹಾಗಾದರೆ ಒಂದು ಟ್ರಿಪ್ಪಿನ ಸಾಮಾನಿಗೆ ಎರಡು ಟ್ರಿಪ್ ಆಗ್ತದೆ. ಇದರಲ್ಲಿ ನನಗೆ ಉಳಿಯುದು ಎಂತ?" ನ್ಯಾಯವಾದ ಪ್ರಶ್ನೆಯೇ. ಪರದೇಶದಲ್ಲಿ ಸಣ್ಣ ವ್ಯಾಪಾರ ಮಾಡುವವರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ನಾನೇನೂ ಉತ್ತರ ಹೇಳಲಿಲ್ಲ. ಕಾಗದ ತಿರುಗಿಸಿ ಮೂರು ಟೈರಿನ ಬೆಲೆ, ಒಡೆದು ಹೋದ ಎಣ್ಣೆ ಡಬ್ಬಗಳು, ಗಾಡಿ ರಿಪೇರಿ, ಆರು ವಾರ ಬಾಡಿಗೆ ಡ್ರೈವರು, ಎಲ್ಲವನ್ನೂ ಒಂದರ ಕೆಳಗೊಂದು ಬರೆಯಲು ಹೇಳಿದೆ. ಬರೆದರು. ಕೂಡಿಸುವ ಮೊದಲು ಪ್ಲಾಸ್ಟರ್ ಹಾಕಿದ ಆ ಕೈಯ ಕಡೆ ನೋಡಿದರು. ಹುಡುಗ ಇನ್ನೂ ತಲೆ ತಗ್ಗಿಸಿಯೇ ಕೂತಿದ್ದ. ಮಿತ್ರರು ಪೆನ್ನು ಕೆಳಗಿಟ್ಟರು. "ಇದಕ್ಕೆ ಎಷ್ಟು ಅಂತ ಬರೆಯುದು ಡಾಕ್ಟ್ರೇ" ಎಂದರು, ಅಷ್ಟೇ. ಆಮೇಲೆ ಹುಡುಗನಿಗೆ ಹೇಳಿದರು, "ನಿನ್ನದೇನೂ ತಪ್ಪಿಲ್ಲ ಮಾರಾಯ, ಲೋಡು ಹಾಕಿಸಿದ್ದು ನಾನು. ಇವತ್ತೇ ಅಮ್ಮನಿಗೆ ಫೋನು ಮಾಡಿ ಹೇಳು, ನಾನೂ ಮಾತಾಡ್ತೇನೆ."

ಆ ನಂತರ ಎರಡು ಬೇಸಿಗೆ ಕಳೆದಿವೆ. ಗಾಡಿ ಈಗ ಬೆಳಗಿನ ಜಾವ ಒಂದು, ಸಂಜೆ ಒಂದು ಟ್ರಿಪ್ ಹೋಗುತ್ತದೆ. ಟೈರು ಸಿಡಿದಿಲ್ಲ.

"ನಮಗೆ ಪಿಕಪ್ಪೂ ಇಲ್ಲ, ಅಕ್ಕಿ ಮೂಟೆಯೂ ಇಲ್ಲ" ಎಂದು ಪುಟ ತಿರುಗಿಸಬೇಡಿ. 2021ರ ಜನವರಿಯಲ್ಲಿ ಸಲ್ವಾ ಗಡಿ ಮತ್ತೆ ತೆರೆದ ಮೇಲೆ ರಜೆ ಬಂತೆಂದರೆ ಏಳು ಸೀಟಿನ ಗಾಡಿಯಲ್ಲಿ ಏಳೂ ಜನ, ಮೇಲೆ ಸೂಟ್‌ಕೇಸು, ಡಿಕ್ಕಿಯಲ್ಲಿ ಚಕ್ಕುಲಿ ಕೋಡುಬಳೆ ಡಬ್ಬ ತುಂಬಿಕೊಂಡು ದುಬೈಗೆ ಹೊರಡುವವರು ನಮ್ಮಲ್ಲೇ ಎಷ್ಟೋ ಮಂದಿ ಇದ್ದೀರಿ. ಅದೂ ಲೋಡೇ! ಕಾರಿನ ಟೈರಿನ ಪಕ್ಕೆಯಲ್ಲಿ 'ಟೆಂಪರೇಚರ್' ಎಂಬ ಪದದ ಮುಂದೆ ಎ, ಬಿ, ಸಿ ಎಂಬ ದರ್ಜೆ ಇರುತ್ತದೆ. ಬಿಸಿ ತಡೆಯುವುದರಲ್ಲಿ 'ಎ' ಮೇಲು. ಫಾಹೆಸ್ ತಪಾಸಣೆಯಲ್ಲಿ ಪಾಸಾದರೆ ವರ್ಷದ ಒಂದು ದಿನ ಪಾಸಾದ ಹಾಗೆ, ಉಳಿದ 364 ದಿನ ನೋಡಿಕೊಳ್ಳಬೇಕಾದವರು ನಾವೇ.

ಕಳೆದ ಆಯುಧಪೂಜೆಗೆ ಮಿತ್ರರ ಗೋದಾಮಿಗೆ ಹೋಗಿದ್ದೆ. ಪಿಕಪ್ಪಿಗೆ ಕುಂಕುಮ, ಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು, ಎಲ್ಲಾ ಸಾಂಗವಾಗಿ ಆಯಿತು. ಮಂಗಳಾರತಿಯ ತಟ್ಟೆಯಲ್ಲಿ ಕರ್ಪೂರದ ಪಕ್ಕ ಏನೋ ಹೊಳೆಯಿತು. ನೋಡಿದರೆ ಗಾಳಿ ನೋಡುವ ಗೇಜು, ಅದಕ್ಕೂ ಒಂದು ಬೊಟ್ಟು ಅರಿಶಿನ! ಹುಡುಗ ಅದನ್ನು ಕಣ್ಣಿಗೊತ್ತಿಕೊಂಡು ಬಗ್ಗಿ ಒಂದೊಂದೇ ಚಕ್ರದ ಲೆಕ್ಕ ಓದಿ ಹೇಳಿದ.

"ಇಷ್ಟು ವರ್ಷ ಗೊತ್ತೇ ಇರಲಿಲ್ಲ ನೋಡಿ" ಎಂದು ಮಿತ್ರರು ಪಂಚಕಜ್ಜಾಯ ಕೈಗೆ ಹಾಕುತ್ತಾ ನಕ್ಕರು. "ಟೈರಿಗೂ ಬಿ.ಪಿ. ಉಂಟು ಡಾಕ್ಟ್ರೇ!"

ಈ ಹಬ್ಬಕ್ಕೆ ನೀವೂ ಗಾಡಿ ತೊಳೆದು ಪೂಜೆ ಮಾಡುವಾಗ ಎರಡು ನಿಮಿಷ ಬಗ್ಗಿ ಆ ನಾಲ್ಕು ಅಂಕಿಗಳನ್ನು ಓದಿಕೊಳ್ಳಿ. ಒಂದು ಗೇಜು ಕೊಂಡಿಡಿ. ಹೋಳಿಗೆ ಎಷ್ಟು ಬೇಕಾದರೂ ತಿನ್ನಿ, ಈ ಸಲ ನಾನು ಏನೂ ಹೇಳುವುದಿಲ್ಲ.

ಎಲ್ಲರಿಗೂ ಹಬ್ಬದ ಶುಭಾಶಯಗಳು.